ಹಳೆಯ ಕಂಪ್ಯೂಟರಿಗೆ ದ್ರುತಗತಿ

ಯಕ್ಷಗಾನ ನೋಡಿದವರಿಗೆಲ್ಲ ಇದು ಗೊತ್ತಿರುವ ವಿಷಯ. ಭಾಗವತರು ತಾಳದ ಗತಿ ಏರಿಸಿದರೆ ಮದ್ದಳೆ, ಚೆಂಡೆ ಎಲ್ಲವೂ ಅದರ ಹಿಂದೆಯೇ ಓಡಬೇಕು. ರಂಗದಲ್ಲಿ ಕುಣಿಯುವ ವೇಷಧಾರಿಯೂ ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿನೊಳಗೆ ಹೆಜ್ಜೆ ಮುಗಿಸಬೇಕು. ಮುಗಿಸಿದರೆ ಚಪ್ಪಾಳೆ, ತಪ್ಪಿದರೆ ಎಡವು. ಕಂಪ್ಯೂಟರಿನ ಪ್ರೊಸೆಸರ್ ಕೂಡ ಹೀಗೆಯೇ ತಾಳಕ್ಕೆ ಕುಣಿಯುವ ಕಲಾವಿದ. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದ ತಾಳಕ್ಕೆ ಅದನ್ನು ಕುಣಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಎರ್ಮಾಳಿನ ಒಂದು ಮನೆ ಎಂದು ಕಲ್ಪಿಸಿಕೊಳ್ಳಿ. ಒಳಕೋಣೆಯಲ್ಲಿ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್. ಅಜ್ಜನ ಭಜನೆಯ ರೆಕಾರ್ಡಿಂಗ್, ಮದುವೆ ಮುಂಜಿಗಳ ಫೋಟೊ, ತೋಟದ ಲೆಕ್ಕ ಎಲ್ಲವೂ ಅದರೊಳಗೇ ಇದೆ. ಎಂಟನೇ ತರಗತಿಯ ಪುಳ್ಳಿ ಅದರಲ್ಲೇ ಪ್ರಾಜೆಕ್ಟ್ ಮಾಡಬೇಕು. ಹೊಸದು ಕೊಳ್ಳಲು ಸದ್ಯಕ್ಕೆ ಹಣವಿಲ್ಲ. "ಅಜ್ಜ, ಇದರ ಸ್ಪೀಡ್ ಜಾಸ್ತಿ ಮಾಡುವನಾ?" ಎಂದು ಅವಳು ಕೇಳಿದರೆ ಅಜ್ಜ ಏನು ಹೇಳಬೇಕು? ಹೂಂ ಅನ್ನುವ ಮೊದಲೂ, ಬೇಡ ಅನ್ನುವ ಮೊದಲೂ ಒಳಗೆ ನಡೆಯುವುದೇನು ಎಂದು ಇಬ್ಬರೂ ತಿಳಿದುಕೊಳ್ಳುವುದು ಒಳ್ಳೆಯದು.

ತಾಳ ಹಾಕುವವರು ಯಾರು?

ಮದರ್‌ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಯೊಂದಿರುತ್ತದೆ. ಅದರೊಳಗಿರುವುದು ಸ್ಫಟಿಕದ ಚೂರು. ವಿದ್ಯುತ್ ಕೊಟ್ಟರೆ ಅದು ಒಂದೇ ಲಯದಲ್ಲಿ ಕಂಪಿಸುತ್ತದೆ. ಗೋಡೆ ಗಡಿಯಾರದೊಳಗೂ ಇಂಥದೇ ಸ್ಫಟಿಕವಿದೆ. ಪಕ್ಕದ ಇನ್ನೊಂದು ಚಿಪ್ ಈ ಕಂಪನದಿಂದ ಮದರ್‌ಬೋರ್ಡಿನ ಮೂಲ ತಾಳವನ್ನು ತಯಾರಿಸುತ್ತದೆ. ಪ್ರೊಸೆಸರ್ ಆ ಮೂಲ ತಾಳವನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಂಡು ತನ್ನ ವೇಗ ಕಂಡುಕೊಳ್ಳುತ್ತದೆ.

2008ರ ಸುಮಾರಿನ ಪೆಂಟಿಯಮ್ ಡ್ಯುಯಲ್ ಕೋರ್ ಇ5300 ಪ್ರೊಸೆಸರನ್ನೇ ತೆಗೆದುಕೊಳ್ಳೋಣ. ಅದರ ಮೂಲ ತಾಳ 200 ಮೆಗಾಹರ್ಟ್ಸ್, ಗುಣಕ 13. 200ನ್ನು 13ರಿಂದ ಗುಣಿಸಿದರೆ 2,600 ಮೆಗಾಹರ್ಟ್ಸ್. ಅಂದರೆ ಸೆಕೆಂಡಿಗೆ 260 ಕೋಟಿ ಪೆಟ್ಟು! ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇರುವ ಬಿಡುವಿನಲ್ಲಿ ಬೆಳಕು ಕೂಡ ಹನ್ನೊಂದೂವರೆ ಸೆಂಟಿಮೀಟರ್ ದೂರವಷ್ಟೇ ಹೋಗುತ್ತದೆ. ಸುಮಾರು ಅರ್ಧ ಗೇಣು.

ಇಂಥ ಪ್ರೊಸೆಸರಿನಲ್ಲಿ 13 ಎಂಬ ಗುಣಕವನ್ನು ಮೇಲಕ್ಕೆ ಏರಿಸದಂತೆ ಕಂಪನಿಯೇ ಬೀಗ ಹಾಕಿದೆ. ಉಳಿದ ದಾರಿ ಮೂಲ ತಾಳವನ್ನು ಏರಿಸುವುದು. 200 ಇದ್ದದ್ದನ್ನು 220 ಮಾಡಿದರೆ ವೇಗ 2,860 ಆಗುತ್ತದೆ. ನೂರಕ್ಕೆ ಹತ್ತರಷ್ಟು ಹೆಚ್ಚು.

ಆದರೆ ಮೂಲ ತಾಳ ಪ್ರೊಸೆಸರಿಗೆ ಮಾತ್ರ ಸೇರಿದ್ದಲ್ಲ, ನೆನಪಿನ ಚಿಪ್ಪುಗಳೂ ಅದನ್ನೇ ಅನುಸರಿಸುತ್ತವೆ. ಎರ್ಮಾಳಿನ ಹತ್ತಿರದ ಎಲ್ಲೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರವಿದೆಯಲ್ಲ, ಅಲ್ಲಿನ ಜನರೇಟರುಗಳು ದೇಶದ ವಿದ್ಯುತ್ ಜಾಲದ ಜತೆಗೆ ಸೆಕೆಂಡಿಗೆ 50 ಸುತ್ತಿನ ಒಂದೇ ಲಯದಲ್ಲಿ ತಿರುಗಬೇಕು. ಒಂದು ಯಂತ್ರ ತನ್ನಿಷ್ಟಕ್ಕೆ ಓಡಿದರೆ ನಡೆಯದು. ಮದರ್‌ಬೋರ್ಡಿನ ಮೇಲೂ ಅಷ್ಟೇ. ಪ್ರೊಸೆಸರ್ ಹೊಸ ವೇಗ ತಡೆದುಕೊಂಡರೂ ನೆನಪಿನ ಚಿಪ್ ತಡೆದುಕೊಳ್ಳದೆ ಇರಬಹುದು.

1998ರ ಒಂದು ಕಥೆ

ಓವರ್‌ಕ್ಲಾಕಿಂಗ್ ಲೋಕದಲ್ಲಿ ಇಂದಿಗೂ ಹೇಳಿಕೊಳ್ಳುವ ಹೆಸರು ಸೆಲೆರಾನ್ 300ಎ. 1998ರ ಆಗಸ್ಟ್‌ನಲ್ಲಿ ಇಂಟೆಲ್ ತಂದ ಅಗ್ಗದ ಪ್ರೊಸೆಸರ್ ಅದು. ಮೂಲ ತಾಳ 66, ಗುಣಕ ನಾಲ್ಕೂವರೆ, ವೇಗ 300 ಮೆಗಾಹರ್ಟ್ಸ್. ತಾಳವನ್ನು 100ಕ್ಕೆ ಏರಿಸಿ ನೋಡಿದವರಿಗೆ ಆಶ್ಚರ್ಯ ಕಾದಿತ್ತು. ಅನೇಕ ಚಿಪ್ಪುಗಳು 450ರಲ್ಲಿ ನಿರಾಯಾಸವಾಗಿ ಓಡಿದವು! ಅದೇ ತಿಂಗಳು ಬಂದ 450 ಮೆಗಾಹರ್ಟ್ಸಿನ ಪೆಂಟಿಯಮ್ 2ರ ಬೆಲೆ ಇದರ ನಾಲ್ಕು ಪಟ್ಟಿಗೂ ಹೆಚ್ಚು.

ಇದು ಪವಾಡವೇನೂ ಅಲ್ಲ. ಚಿಪ್ ತಾನೇ ಗಟ್ಟಿಯಾಗಿತ್ತು, ಕಂಪನಿ ಮಾರುಕಟ್ಟೆಗಾಗಿ ಅದಕ್ಕೆ ಕಡಿಮೆ ವೇಗದ ಚೀಟಿ ಅಂಟಿಸಿತ್ತು. ಜತೆಗೆ ಆ ಕಾಲದ 440ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳು 100ರ ತಾಳಕ್ಕೆಂದೇ ತಯಾರಾದವು. ಅಂದರೆ ಹಿಮ್ಮೇಳ ಮೊದಲೇ ಆ ಗತಿಗೆ ಸಿದ್ಧವಾಗಿತ್ತು, ವೇಷಧಾರಿಗೂ ಶಕ್ತಿಯಿತ್ತು. ಎರಡೂ ಕೂಡಿಬಂದದ್ದರಿಂದ ಆಟ ರಂಗೇರಿತು. ಎಲ್ಲ ಕಂಪ್ಯೂಟರಿಗೂ ಈ ಭಾಗ್ಯವಿಲ್ಲ.

ಸೆಖೆಯ ಲೆಕ್ಕ

ವೇಗ ಏರಿಸಿದಾಗ ಚಿಪ್ ತಡವರಿಸಿದರೆ ಕೆಲವರು ವೋಲ್ಟೇಜನ್ನೂ ಸ್ವಲ್ಪ ಏರಿಸುತ್ತಾರೆ. ಆಗ ಒಳಗಿನ ಟ್ರಾನ್ಸಿಸ್ಟರುಗಳು ಬೇಗ ಬೇಗ ಕೆಲಸ ಮಾಡುತ್ತವೆ, ನಿಜ. ಆದರೆ ಇಲ್ಲೊಂದು ಲೆಕ್ಕವಿದೆ, ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಚಿಪ್ಪಿನ ಕೆಲಸದಿಂದ ಹುಟ್ಟುವ ಬಿಸಿ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ 1.1ನ್ನು ಮೂರು ಸಲ ಗುಣಿಸಬೇಕು. ಉತ್ತರ 1.331. ವೇಗದ ಲಾಭ ನೂರಕ್ಕೆ ಹತ್ತು, ಬಿಸಿಯ ಹೊರೆ ನೂರಕ್ಕೆ ಮೂವತ್ತಮೂರು!

ಆ ಬಿಸಿ ಎಲ್ಲಿಗೆ ಹೋಗಬೇಕು? ಕೋಣೆಯ ಗಾಳಿಗೆ. ನಮ್ಮ ಕರಾವಳಿಯ ಏಪ್ರಿಲ್ ತಿಂಗಳ ಗಾಳಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಕೋಣೆ 33 ಡಿಗ್ರಿ ಇರುವಾಗ ಚಿಪ್ ಅದಕ್ಕಿಂತ 35 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಒಟ್ಟು 68. ಆ 35 ಮೂರನೇ ಒಂದು ಭಾಗ ಏರಿದರೆ ಒಟ್ಟು ಸುಮಾರು 80. ಅದಕ್ಕೇ, ಡಿಸೆಂಬರಿನ ಬೆಳಗಿನ ಹೊತ್ತಿನಲ್ಲಿ ಸರಿಯಾಗಿ ಓಡಿದ ವೇಗ ಏಪ್ರಿಲ್ ಮಧ್ಯಾಹ್ನ ಕೈಕೊಡಬಹುದು. ಸಮುದ್ರದ ಉಪ್ಪುಗಾಳಿಗೆ ಹಳೆಯ ಬೋರ್ಡಿನ ಪಿನ್ನುಗಳು ತುಕ್ಕು ಹಿಡಿದಿದ್ದರೆ ತೊಂದರೆ ಇನ್ನೂ ಬೇಗ.

ಕಂಪ್ಯೂಟರ್ ತಟಕ್ಕನೆ ನಿಂತುಬಿಟ್ಟರೆ ಅದು ಚಿಕ್ಕ ತೊಂದರೆ. ದೊಡ್ಡ ಅಪಾಯ ಬೇರೆ. ಹೆಜ್ಜೆ ತಪ್ಪಿದರೂ ನಿಲ್ಲದೆ, ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುತ್ತ ಹೋಗುವ ಕಂಪ್ಯೂಟರ್ ಕಡತಗಳನ್ನು ಕೆಡಿಸಿಬಿಡಬಹುದು. ಅಜ್ಜನ ಭಜನೆಯ ರೆಕಾರ್ಡಿಂಗ್ ಕೆಟ್ಟಿದೆಯೆಂದು ಗೊತ್ತಾಗುವುದು ಆರು ತಿಂಗಳ ಬಳಿಕ ಕೇಳಲು ಕೂತಾಗ. ಪ್ರೊಸೆಸರ್ ಹಾಳಾದರೆ ಹಳೆಯದೊಂದು ಹುಡುಕಿದರೆ ಸಿಕ್ಕೀತು, ಆ ದನಿ ಸಿಕ್ಕದು.

ನಿಜವಾಗಿ ತಡವಾಗುವುದು ಎಲ್ಲಿ?

ಹತ್ತು ನಿಮಿಷದ ಕೆಲಸ, ಪೂರ್ತಿ ಪ್ರೊಸೆಸರಿನದೇ ಆಗಿದ್ದರೆ, ನೂರಕ್ಕೆ ಹತ್ತು ವೇಗ ಹೆಚ್ಚಿದಾಗ ಒಂಬತ್ತು ನಿಮಿಷ ಐದು ಸೆಕೆಂಡಿಗೆ ಮುಗಿಯುತ್ತದೆ. ಆದರೆ ಹಳೆಯ ಕಂಪ್ಯೂಟರಿನಲ್ಲಿ ಹೆಚ್ಚಿನ ಸಮಯ ಹೋಗುವುದು ಹಾರ್ಡ್ ಡಿಸ್ಕಿಗೆ ಕಾಯುವುದರಲ್ಲಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಬೇಕು, ಅಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗಕ್ಕಿಂತ ತುಸು ಹೆಚ್ಚು. ನಮಗೆ ಅದು ಏನೂ ಅಲ್ಲ. ಆದರೆ 2,600 ಮೆಗಾಹರ್ಟ್ಸಿನ ಪ್ರೊಸೆಸರಿಗೆ ಅಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಪೆಟ್ಟು ಕಳೆದುಹೋಗಿರುತ್ತದೆ! ಕಾವಲಿ ಎಷ್ಟು ಕಾದಿದ್ದರೇನು, ಹಿಟ್ಟು ಇನ್ನೂ ರುಬ್ಬುವ ಕಲ್ಲಿನಲ್ಲೇ ಇದ್ದರೆ ದೋಸೆ ಎಲ್ಲಿಂದ ಬರಬೇಕು?

ಆದ್ದರಿಂದ ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸುವುದು, ರ್‍ಯಾಮ್ ಹೆಚ್ಚಿಸುವುದು, ಧೂಳು ತೆಗೆದು ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಹೊಸದು ಹಚ್ಚಿಸುವುದು, ಇವೇ ಹೆಚ್ಚು ಫಲ ಕೊಡುವ ಕೆಲಸಗಳು. ಹಗುರವಾದ ಲಿನಕ್ಸ್ ಹಾಕಿಕೊಂಡರೆ ಖರ್ಚೂ ಇಲ್ಲ. ಕಾಸರಗೋಡಿನ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲೇ.

ಆದರೂ ಮಾಡಿ ನೋಡಬೇಕೆಂದರೆ

ಕುತೂಹಲ ತಪ್ಪಲ್ಲ. ಆದರೆ ದೊಡ್ಡವರ ಜತೆ ಕೂತು, ಕ್ರಮ ತಪ್ಪದೆ ಮಾಡಬೇಕು.

ಮೊದಲು ಮುಖ್ಯ ಕಡತಗಳನ್ನೆಲ್ಲ ಬೇರೆ ಕಡೆ ಪ್ರತಿ ಮಾಡಿ, ಪ್ರತಿ ತೆರೆಯುತ್ತದೆಯೇ ಎಂದು ನೋಡಿ. ಪ್ಲಗ್ ಕಳಚಿ ಪಕ್ಕದ ಮುಚ್ಚಳ ತೆಗೆದು ಧೂಳು, ಇರುವೆ, ಹಲ್ಲಿಮೊಟ್ಟೆ ಇದ್ದರೆ ಶುಚಿ ಮಾಡಿ. ಬೋರ್ಡಿನ ಮೇಲೆ ನಿಂತಿರುವ ಉರುಳೆಯಂಥ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಸೋರಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಬೋರ್ಡ್ ಈ ಪ್ರಯೋಗಕ್ಕೆ ಲಾಯಕ್ಕಲ್ಲ. ಕರೆಂಟು ಬರುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ಸನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ ಕಳಚಿದ ಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಹೆಚ್ಚಿನ ಬೋರ್ಡುಗಳಲ್ಲಿ ಕಂಪ್ಯೂಟರ್ ಆನ್ ಮಾಡಿದೊಡನೆ ಡಿಲೀಟ್ ಕೀಲಿ ಒತ್ತಿದರೆ ಬಯೋಸ್ ತೆರೆಯುತ್ತದೆ. ಮೂಲ ತಾಳ ಬದಲಿಸುವ ಅವಕಾಶ ಅಲ್ಲಿ ಇದ್ದರೆ ಐದೈದೇ ಮೆಗಾಹರ್ಟ್ಸ್ ಏರಿಸಿ. ಕಂಪನಿಯಿಂದಲೇ ಜೋಡಿಸಿ ಬಂದ ಅನೇಕ ಕಂಪ್ಯೂಟರುಗಳಲ್ಲಿ ಈ ಅವಕಾಶವೇ ಇರುವುದಿಲ್ಲ. ವೋಲ್ಟೇಜನ್ನು ಮುಟ್ಟಬೇಡಿ. ಪ್ರತಿ ಹಂತದಲ್ಲೂ ತಾಪಮಾನ ಬರೆದಿಡಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪರೀಕ್ಷಾ ತಂತ್ರಾಂಶವನ್ನು ಗಂಟೆಗಟ್ಟಲೆ ಓಡಿಸಿ. ಇಂಥದೊಂದು ತಂತ್ರಾಂಶ ಪ್ರೈಮ್95. ಅದು ಹುಟ್ಟಿದ್ದು ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು! ಒಂದೇ ಒಂದು ಲೆಕ್ಕ ತಪ್ಪಿದರೂ ಎರಡು ಹಂತ ಕೆಳಗಿಳಿಯಿರಿ.

ಕಂಪ್ಯೂಟರ್ ಏಳದೇ ಹೋದರೆ ಗಾಬರಿ ಬೇಡ. ಪ್ಲಗ್ ಕಳಚಿ, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹಳೆಯ ತಾಳವೇ ಮರಳಿ ಬರುತ್ತದೆ. ದಿನಾಂಕ ಮತ್ತು ಸಮಯ ಮಾತ್ರ ಹೊಸದಾಗಿ ಹೊಂದಿಸಬೇಕು.

ಹಾಗಾದರೆ ಅಜ್ಜನ ಉತ್ತರ? "ಮಾಡುವ ಮಾರಾಯ್ತಿ. ಆದರೆ ಮೊದಲು ಫೋಟೊ, ಭಜನೆ ಎಲ್ಲ ಪ್ರತಿ ಮಾಡು. ಮತ್ತೆ ಧೂಳು ತೆಗೆಯುವ. ಅಷ್ಟಾದ ಮೇಲೂ ನಿಧಾನ ಅಂತ ಕಂಡರೆ ತಾಳ ಏರಿಸುವ ಮಾತು." ಧೂಳು ತೆಗೆದ ಮೇಲೆ ಆ ಮಾತು ಬೇಕಾಗದೆಯೂ ಇರಬಹುದು.