ಮದ್ದು ಸಿಗುತ್ತದೆಯೇ? ಔಷಧ ವ್ಯವಸ್ಥೆಯನ್ನು ಅಳೆಯುವ ಬಗೆ

ದೇಶವೊಂದರ ಔಷಧ ವ್ಯವಸ್ಥೆಯ ಯೋಗ್ಯತೆ ತಿಳಿಯುವುದು ರೋಗಿಯ ಕೈಗೆ ಮದ್ದು ತಲುಪುವ ಜಾಗದಲ್ಲಿ. ಜಗತ್ತಿಗೆಲ್ಲ ಜೆನೆರಿಕ್ ಮಾತ್ರೆ ರಫ್ತು ಮಾಡುವ ದೇಶದ ಆಸ್ಪತ್ರೆಯಲ್ಲೂ ‘ಸ್ಟಾಕ್ ಇಲ್ಲ, ಹೊರಗೆ ತೆಗೆದುಕೊಳ್ಳಿ’ ಎಂಬ ಉತ್ತರ ಬರಬಹುದು. ಹಾಗಾಗಿ ಈ ವ್ಯವಸ್ಥೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮೊದಲು ನೀತಿ, ಕಾನೂನು, ಅಗತ್ಯ ಔಷಧಗಳ ಪಟ್ಟಿ ಇವೆಯೇ ಎಂದು ಕೇಳುತ್ತದೆ. ಆಮೇಲೆ ಅವುಗಳ ಫಲವನ್ನು ಆಸ್ಪತ್ರೆ, ಅಂಗಡಿ, ಮನೆಗಳಲ್ಲಿ ಎಣಿಸುತ್ತದೆ. ಭಾರತದ ಅಗತ್ಯ ಔಷಧಗಳ ಮೊದಲ ಪಟ್ಟಿ ಬಂದದ್ದು 1996ರಲ್ಲಿ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ.

ಬೆಲೆ ಮತ್ತು ಲಭ್ಯತೆಯ ಸಮೀಕ್ಷೆಗೆ ಸಂಸ್ಥೆಯು ಹೆಲ್ತ್ ಆ್ಯಕ್ಷನ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆಯ ಜೊತೆಗೂಡಿ 2003ರಲ್ಲಿ ಕೈಪಿಡಿ ತಂದಿತು. ಆ ವಿಧಾನದಲ್ಲಿ ಕರ್ನಾಟಕದಲ್ಲೂ ಸಮೀಕ್ಷೆ ನಡೆದಿದೆ. 36 ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2009ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸರ್ಕಾರಿ ಆಸ್ಪತ್ರೆಗಳಲ್ಲಿ ಜೆನೆರಿಕ್ ಔಷಧಗಳ ಸರಾಸರಿ ಲಭ್ಯತೆ ಜಗತ್ತಿನ ವಲಯವಾರು ಶೇ 29.4ರಿಂದ ಶೇ 54.4ರಷ್ಟು ಮಾತ್ರ. ಮುಂದೆ ಅಸಾಂಕ್ರಾಮಿಕ ರೋಗಗಳ ಮದ್ದಿಗೆ ಜಗತ್ತು ಇಟ್ಟುಕೊಂಡ ಗುರಿ ಶೇ 80.

ಬಂಟ್ವಾಳ, ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಗಳಿಗೂ ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಗೂ ಈ ವಿಧಾನವನ್ನು ಅನ್ವಯಿಸಿದರೆ ಕೆಲಸ ಹೀಗೆ ಸಾಗುತ್ತದೆ. ಸಮೀಕ್ಷಕರ ಕೈಯಲ್ಲಿ ಅಮಾಕ್ಸಿಸಿಲಿನ್, ಬಿ.ಪಿ.ಯ ಅಟೆನೊಲಾಲ್, ಶುಗರ್‌ನ ಗ್ಲಿಬೆನ್‌ಕ್ಲಮೈಡ್, ದಮ್ಮಿನ ಸಾಲ್ಬುಟಮಾಲ್ ಇನ್‌ಹೇಲರ್ ಮುಂತಾದ ಹೆಸರುಗಳಿರುತ್ತವೆ. ಅಂದು ಕಪಾಟಿನಲ್ಲಿ ಕಣ್ಣಿಗೆ ಬಿದ್ದದ್ದಷ್ಟೇ ಲೆಕ್ಕಕ್ಕೆ. ‘ನಾಳೆ ಬರುತ್ತದೆ’ ಎಂಬುದಕ್ಕೆ ಅಂಕವಿಲ್ಲ. ಹತ್ತಿರದ ಮೆಡಿಕಲ್‌ಗಳಲ್ಲಿ ಅದೇ ಮದ್ದಿನ ಮೂಲ ಬ್ರ್ಯಾಂಡಿನ ಬೆಲೆಯನ್ನೂ ಅತಿ ಅಗ್ಗದ ಜೆನೆರಿಕ್‌ನ ಬೆಲೆಯನ್ನೂ ಬರೆದುಕೊಂಡು, ಅಂತರರಾಷ್ಟ್ರೀಯ ಆಧಾರ ಬೆಲೆಯೊಂದಿಗೆ ಹೋಲಿಸುತ್ತಾರೆ.

ಕೊಳ್ಳುವ ಶಕ್ತಿಗೆ ಅಳತೆಗೋಲು ದಿನಗೂಲಿ: ಅತಿ ಕಡಿಮೆ ಸಂಬಳದ ಸರ್ಕಾರಿ ನೌಕರ ತಿಂಗಳ ಮಾತ್ರೆಗಾಗಿ ಎಷ್ಟು ದಿನ ದುಡಿಯಬೇಕು? ಬಂಟ್ವಾಳ, ಬೆಳ್ತಂಗಡಿ ಕಡೆ ಈ ಅಳತೆ ಎಡವುತ್ತದೆ. ಇಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮಜೂರಿ. ಎಲೆ ಸರಿಯಿಲ್ಲದ ದಿನ, ಮೈ ಹುಷಾರಿಲ್ಲದ ದಿನ ಗಳಿಕೆ ಇಳಿಯುತ್ತದೆ. ನೌಕರನಿಗೆ ಒಂದು ದಿನದ ದುಡಿಮೆಗೆ ಸಿಗುವ ಮದ್ದು ಇವರಿಗೆ ಹೆಚ್ಚು ದಿನ ದುಡಿದರಷ್ಟೇ ಸಿಗುತ್ತದೆ.

ಬಳಕೆಯ ಅಳತೆಗೆ ಔಷಧಿ ಚೀಟಿಗಳೇ ಸಾಕ್ಷಿ: ಚೀಟಿಗೆ ಸರಾಸರಿ ಎಷ್ಟು ಮದ್ದು, ಆ್ಯಂಟಿಬಯೋಟಿಕ್ ಎಷ್ಟರಲ್ಲಿ, ಇಂಜೆಕ್ಷನ್ ಎಷ್ಟರಲ್ಲಿ. ಗುಣಮಟ್ಟಕ್ಕೆ ಮಾತ್ರ ಪ್ರಯೋಗಾಲಯವೇ ಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತು, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಎದ್ದಾಗ, ದಾಸ್ತಾನು ಇದ್ದ ಮಾತ್ರಕ್ಕೆ ಸಾಲದು ಎಂಬುದು ರಾಜ್ಯಕ್ಕೆ ಮನದಟ್ಟಾಯಿತು.

ದೇಶ ದೇಶಗಳನ್ನು ಹೋಲಿಸಲು ಸರಾಸರಿ ಬೇಕೇ ಬೇಕು. ಆದರೆ ಆ ಸರಾಸರಿಯಲ್ಲಿ ಪೇಟೆಯ ದೊಡ್ಡಾಸ್ಪತ್ರೆಯ ತುಂಬಿದ ಕಪಾಟು ಹಳ್ಳಿಯ ಖಾಲಿ ಕಪಾಟನ್ನು ಮುಚ್ಚಿಬಿಡುತ್ತದೆ. ಅದೇ ಪಟ್ಟಿ ಹಿಡಿದು ತಾಲ್ಲೂಕುವಾರು, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಎಣಿಸಿದರೆ ಕೊರತೆ ಖರೀದಿಯಲ್ಲೋ ಸಾಗಣೆಯಲ್ಲೋ ಬೇಡಿಕೆಯ ಅಂದಾಜಿನಲ್ಲೋ ಎಂಬುದು ಗೊತ್ತಾಗುತ್ತದೆ.