ಹಸಿರು ಮಾತು ಕಂಪನಿಯದು, ಕಲ್ಲಿದ್ದಲ ಮಾತು ಸಂಘದ್ದು

2017ರ ಫೆಬ್ರುವರಿ. ಆಸ್ಟ್ರೇಲಿಯಾದ ಅಂದಿನ ಖಜಾನೆ ಸಚಿವ ಸ್ಕಾಟ್ ಮಾರಿಸನ್ ಸಂಸತ್ತಿನೊಳಕ್ಕೆ ಕಲ್ಲಿದ್ದಲಿನ ತುಂಡೊಂದನ್ನು ತಂದು, ಇದಕ್ಕೆ ಯಾಕೆ ಹೆದರುತ್ತೀರಿ ಎಂದು ವಿರೋಧ ಪಕ್ಷದವರನ್ನು ಛೇಡಿಸಿದರು. ತುಂಡನ್ನು ಒದಗಿಸಿದ್ದು ಗಣಿ ಕಂಪನಿಗಳ ಒಕ್ಕೂಟ, ಮಿನರಲ್ಸ್ ಕೌನ್ಸಿಲ್ ಆಫ್ ಆಸ್ಟ್ರೇಲಿಯಾ. ಹವಾಮಾನ ಕುರಿತ ಪ್ಯಾರಿಸ್ ಒಪ್ಪಂದಕ್ಕೆ ಬಹಿರಂಗವಾಗಿ ಬೆಂಬಲ ಸಾರಿದ್ದ ಬಿಎಚ್‌ಪಿ, ರಿಯೊ ಟಿಂಟೊ ಕಂಪನಿಗಳೂ ಅದರ ಸದಸ್ಯರೇ.

ಗಣಿ ಲಾಬಿಯ ಜಾಣತನ ಇರುವುದೇ ಇಲ್ಲಿ. ಷೇರುದಾರರು ಓದುವ ವಾರ್ಷಿಕ ವರದಿಯಲ್ಲಿ ಹವಾಮಾನದ ಕಾಳಜಿ ತುಂಬಿರುತ್ತದೆ. ಸಚಿವರ ಕೊಠಡಿಯಲ್ಲೂ ಟಿ.ವಿ. ಜಾಹೀರಾತಿನಲ್ಲೂ ಮಾತಾಡುವುದು ಮಾತ್ರ ಕಂಪನಿಗಳ ಸಂಘ. ಯಾರ ಮಾತು ಅದು ಎಂದರೆ, ‘ಉದ್ಯಮದ ಅಭಿಪ್ರಾಯ’. ಆ ಮಾತಿಗೆ ಎಷ್ಟು ಬಲವಿದೆ ಎಂಬುದು 2010ರಲ್ಲೇ ಗೊತ್ತಾಗಿತ್ತು. ಗಣಿಗಳ ಭಾರಿ ಲಾಭಕ್ಕೆ ತೆರಿಗೆ ಹಾಕಹೊರಟ ಪ್ರಧಾನಿ ಕೆವಿನ್ ರಡ್ ವಿರುದ್ಧ ಉದ್ಯಮ ಕೋಟ್ಯಂತರ ಡಾಲರ್‌ಗಳ ಜಾಹೀರಾತು ಸಮರ ನಡೆಸಿತು. ಜೂನ್‌ನಲ್ಲಿ ಸ್ವಪಕ್ಷೀಯರೇ ರಡ್ ಅವರನ್ನು ಕೆಳಗಿಳಿಸಿದರು. ನಂತರ ಬಂದ ಜೂಲಿಯಾ ಗಿಲಾರ್ಡ್ ತೆರಿಗೆಯನ್ನು ಸಡಿಲಿಸಿದರು.

ಕಾನೂನಿನ ಕಣ್ಣು ಇಲ್ಲಿಗೆ ತಲುಪುವುದಿಲ್ಲ. ಆಸ್ಟ್ರೇಲಿಯಾದ ಒಕ್ಕೂಟ ಸರ್ಕಾರದ ಲಾಬಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಬೇಕಾದವರು ಬೇರೆಯವರ ಪರವಾಗಿ ಬಾಡಿಗೆಗೆ ದುಡಿಯುವ ಲಾಬಿಗಾರರು ಮಾತ್ರ. ಕಂಪನಿಯ ಸ್ವಂತ ನೌಕರರು, ಉದ್ಯಮ ಸಂಘದ ಪದಾಧಿಕಾರಿಗಳು ಅದರ ಹೊರಗೆ.

ಹಾಗಾಗಿ ಲೆಕ್ಕ ಕೇಳುವ ಕೆಲಸ ಷೇರುದಾರರ ಪಾಲಿಗೆ ಬಂತು. 2017ರಲ್ಲಿ ಆಸ್ಟ್ರಲೇಷ್ಯನ್ ಸೆಂಟರ್ ಫಾರ್ ಕಾರ್ಪೊರೇಟ್ ರೆಸ್ಪಾನ್ಸಿಬಿಲಿಟಿ ಎಂಬ ಸಂಸ್ಥೆ ಬಿಎಚ್‌ಪಿಯ ವಾರ್ಷಿಕ ಸಭೆಗೆ ನಿರ್ಣಯವೊಂದನ್ನು ತಂದಿತು: ನೀವು ಹಣ ಕೊಡುವ ಸಂಘಗಳ ನಿಲುವು ನಿಮ್ಮದೇ ನಿಲುವಿಗೆ ಹೊಂದುತ್ತದೆಯೇ, ಪರಿಶೀಲಿಸಿ. ನಿರ್ಣಯ ಗೆಲ್ಲಲಿಲ್ಲ, ಪರಿಶೀಲನೆ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಬಿಎಚ್‌ಪಿ ಭಿನ್ನತೆಗಳ ಪಟ್ಟಿ ಪ್ರಕಟಿಸಿತು. ಮುಂದಿನ ವರ್ಷ ವಿಶ್ವ ಕಲ್ಲಿದ್ದಲು ಸಂಘವನ್ನು ಬಿಟ್ಟಿತು. ಮಿನರಲ್ಸ್ ಕೌನ್ಸಿಲ್‌ನಲ್ಲಿ ಮಾತ್ರ ಉಳಿಯಿತು. 2020ರ ಕ್ವೀನ್ಸ್‌ಲ್ಯಾಂಡ್ ಚುನಾವಣೆಯಲ್ಲಿ ಅಲ್ಲಿನ ಗಣಿ ಸಂಘ ಗ್ರೀನ್ಸ್ ಪಕ್ಷದ ವಿರುದ್ಧ ಪ್ರಚಾರಕ್ಕಿಳಿದಾಗ, ಆ ಸಂಘದ ಸದಸ್ಯತ್ವವನ್ನು ಬಿಎಚ್‌ಪಿ ಅಮಾನತಿನಲ್ಲಿಟ್ಟಿತು.

ಆದರೆ ಇಂಥ ಪಟ್ಟಿಯಲ್ಲಿರುವುದನ್ನಷ್ಟೇ ಷೇರುದಾರರು ಪ್ರಶ್ನಿಸಬಲ್ಲರು. ಗ್ಲೆನ್‌ಕೋರ್ ಗಣಿ ಕಂಪನಿ ಕಲ್ಲಿದ್ದಲು ಉತ್ಪಾದನೆಗೆ ಮಿತಿ ಹಾಕಿಕೊಳ್ಳುವುದಾಗಿ 2019ರ ಫೆಬ್ರುವರಿಯಲ್ಲಿ ಘೋಷಿಸಿತ್ತು. ಅದರ ಹಣದಲ್ಲೇ ಕಲ್ಲಿದ್ದಲು ಪರ ಗುಪ್ತ ಪ್ರಚಾರ ನಡೆದಿತ್ತೆಂದು ಮಾರ್ಚ್‌ನಲ್ಲಿ ‘ದಿ ಗಾರ್ಡಿಯನ್’ ಬಯಲಿಗೆಳೆಯಿತು. ಸಂಘದ ಸದಸ್ಯತ್ವಕ್ಕಾದರೂ ಹೆಸರುಂಟು. ಗುತ್ತಿಗೆ ಕೊಟ್ಟು ಮಾಡಿಸುವ ಪ್ರಚಾರಕ್ಕೆ ಅದೂ ಇಲ್ಲ.

ನಮ್ಮಲ್ಲಿ? ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ಉದ್ಯಮ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳಿಗೆ 2022–23ರಿಂದ ಕಡ್ಡಾಯ. ಸಂಡೂರಿನ ದೋಣಿಮಲೈಯಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿಯಂಥ ಗಣಿ ಕಂಪನಿಗಳೂ ಇದರ ವ್ಯಾಪ್ತಿಯಲ್ಲಿವೆ. ವರದಿಯ ಏಳನೇ ತತ್ವ ನೀತಿ ನಿರೂಪಣೆಯ ಮೇಲಿನ ಪ್ರಭಾವದ ಕುರಿತದ್ದು. ಕಂಪನಿ ಎಷ್ಟು ವಾಣಿಜ್ಯ ಸಂಘಗಳಲ್ಲಿದೆ, ಪ್ರಮುಖ ಹತ್ತು ಯಾವುವು ಎಂದು ತಿಳಿಸಲೇಬೇಕು. ಯಾವ ನೀತಿಗಾಗಿ ವಾದಿಸಿತು ಎಂಬ ಅಸಲಿ ಪ್ರಶ್ನೆಗೆ ಉತ್ತರ ಐಚ್ಛಿಕ!

ಸಂಘದ ಹೆಸರು ತಿಳಿದರೆ ಸಾಲದು, ಸಂಘ ಏನು ಕೇಳಿತು ಎಂಬುದೂ ತಿಳಿಯಬೇಕು. ಬಿಎಚ್‌ಪಿಯ ಷೇರುದಾರರು ಹೋರಾಡಿ ಪಡೆದ ಉತ್ತರವನ್ನು ನಮ್ಮಲ್ಲಿ ಒಂದು ನಿಯಮ ತಿದ್ದುಪಡಿಯಿಂದಲೇ ಪಡೆಯಬಹುದು. ಪ್ರಶ್ನೆ ನಮೂನೆಯಲ್ಲಿ ಆಗಲೇ ಇದೆ. ಅದನ್ನು ಐಚ್ಛಿಕದಿಂದ ಕಡ್ಡಾಯದ ಕಡೆಗೆ ಸರಿಸುವುದಷ್ಟೇ ಬಾಕಿ.