ಬಿರುಗಾಳಿ ನಿಂತ ಮೇಲೆ

1748ರ ಮಾರ್ಚ್. ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕ ‘ಗ್ರೇಹೌಂಡ್’ ಹಡಗಿಗೆ ನೀರು ನುಗ್ಗುತ್ತಿತ್ತು. ದೇವರನ್ನೇ ಹೀಯಾಳಿಸುತ್ತಿದ್ದ ಇಪ್ಪತ್ತೆರಡರ ನಾವಿಕ ಜಾನ್ ನ್ಯೂಟನ್ ಅಂದು ಅದೇ ದೇವರಿಗೆ ಮೊರೆಯಿಟ್ಟ. ಹಡಗು ದಡ ಸೇರಿತು. ಆ ದಿನವನ್ನು ಆತ ಬದುಕಿರುವವರೆಗೂ ಮರೆಯಲಿಲ್ಲ.

ಆದರೆ ಮುಂದೇನಾಯಿತು? ಬೈಬಲ್ ಓದುತ್ತಲೇ ಆತ ಆಫ್ರಿಕಾದ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ! 1754ರಲ್ಲಿ ಸಮುದ್ರಯಾನ ಬಿಟ್ಟದ್ದೂ ಪಶ್ಚಾತ್ತಾಪದಿಂದಲ್ಲ, ಅನಾರೋಗ್ಯದಿಂದ. 1764ರಲ್ಲಿ ಪಾದ್ರಿಯಾದ, ‘ಅಮೇಜಿಂಗ್ ಗ್ರೇಸ್’ ಗೀತೆ ರಚಿಸಿದ. ಗುಲಾಮ ವ್ಯಾಪಾರವನ್ನು ಖಂಡಿಸಿ, ಅದರಲ್ಲಿ ತನ್ನ ಪಾಲನ್ನು ಒಪ್ಪಿಕೊಂಡು ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ.

ಬೈಬಲ್‌ನ ಹೊಸ ಒಡಂಬಡಿಕೆ ಇಂಥ ಪರಿವರ್ತನೆಗೆ ಬಳಸುವ ಗ್ರೀಕ್ ಪದ ‘ಮೆಟನೋಯಿಯ’. ಮನಸ್ಸು ಬದಲಾಗುವುದು ಎಂದರ್ಥ. ನ್ಯೂಟನ್‌ನ ಮನಸ್ಸು ಬಿರುಗಾಳಿಯಲ್ಲೇ ತಿರುಗಿತು. ಕಣ್ಣು ತೆರೆಯಲು ನಲವತ್ತು ವರ್ಷ ಹಿಡಿಯಿತು.